ಅಪ್ಪನ ತಲೆ

ಜನವರಿ 12

ಅಕ್ಕ,

ಇದನ್ನು ಫೋನಿನಲ್ಲೇ ಹೇಳಿ ಮುಗಿಸೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ನೀನು "ಹೇಳೋ, ಕೇಳಿಸ್ತಿದೆ" ಅಂದಾಗಲೆಲ್ಲ ನಾನು ಸೆಕೆಯ ಬಗ್ಗೆ ಮಾತು ತೆಗೆದೆ. ಅದಕ್ಕೇ ಈ ಕಾಗದ. ನಗುವುದಾದರೆ ಪೂರ್ತಿ ಓದಿ ಆಮೇಲೆ ನಗು.

ಕೂದಲು ಕಸಿ ಮಾಡುವ ಒಳ್ಳೆಯ ಸರ್ಜನ್ ನಿಮ್ಮ ಊರಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ ತಿಳಿಸಬೇಕು. ನಿನ್ನ ಹೊಲಿಗೆ ಅಂಗಡಿಗೆ ಅರ್ಧ ಊರೇ ಅಳತೆ ಕೊಡಲು ಬರುತ್ತದೆ, ಅವರಲ್ಲಿ ಯಾರಾದರೂ ಮಾಡಿಸಿಕೊಂಡಿರಬಹುದು. ಎಷ್ಟು ಖರ್ಚು, ಎಷ್ಟು ನೋವು, ಬೆಳೆದದ್ದು ನಿಜವಾದ ಕೂದಲಿನ ಹಾಗೇ ಕಾಣುತ್ತದೆಯೇ, ಇಷ್ಟು ಕೇಳು. ಬೆಳೆಯಲು ಎಷ್ಟು ಕಾಲ ಬೇಕು ಅನ್ನುವುದನ್ನು ಮಾತ್ರ ಒತ್ತಿ ಒತ್ತಿ ಕೇಳು.

ಈ ವಯಸ್ಸಲ್ಲಿ ಇದೆಂಥ ಶೋಕಿ ಅಂತೀಯ. ಕನ್ನಡಕದ ಅಂಗಡಿ ನಡೆಸುವವನಿಗೆ ಸುತ್ತಲೂ ಕನ್ನಡಿಯೇ. ಹಣೆ ಹಿಂದೆ ಸರಿಯುತ್ತ ಹೋಗಿ ನೆತ್ತಿ ಸೇರಿದ್ದನ್ನು ಎಲ್ಲ ದಿಕ್ಕಿನಿಂದಲೂ ನೋಡಿದ್ದೇನೆ. ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. "ನಮ್ಮಲ್ಲಿ ಲೈಟಿನ ಖರ್ಚು ಕಮ್ಮಿ" ಅಂತ ಗಿರಾಕಿಗಳ ಹತ್ತಿರ ನಾನೇ ತಮಾಷೆ ಮಾಡುತ್ತಿದ್ದೆ.

ವಿಷಯ ಅಮ್ಮನದು. ಅವಳ ಮರೆವು ನಿನಗೆ ಗೊತ್ತೇ ಇದೆ. ಅಪ್ಪ ತೀರಿಕೊಂಡು ಇಷ್ಟು ವರ್ಷವಾದರೂ, ಈಗ ಅವಳು ನನ್ನನ್ನೇ ಅಪ್ಪ ಅಂದುಕೊಂಡಿದ್ದಾಳೆ. ಅವಳದೇನು ತಪ್ಪು, ಇದು ಅಪ್ಪನ ತಲೆಯೇ ಅಕ್ಕ. ಕಿವಿಯ ಮೇಲೆ ಮಾತ್ರ ಉಳಿದ ಕೂದಲು, ನೆತ್ತಿಯ ಮೇಲಿನ ಆ ಸಣ್ಣ ತಗ್ಗು, ಎಲ್ಲ ಅವನದೇ. ನಾನು ಬಾಗಿಲಲ್ಲಿ ಕಂಡರೆ ಸಾಕು, ಮಂಚದಿಂದ ಎದ್ದು ಗೋಡೆಗೆ ಒರಗಿ ನಿಲ್ಲುತ್ತಾಳೆ. ಎರಡೂ ಕೈ ತಲೆಯ ಮೇಲೆ. "ಆಯ್ತು, ಆಗೋಯ್ತು, ಈಗ ಬಡಿಸ್ತೀನಿ" ಅನ್ನುತ್ತಾಳೆ. ಉಟ್ಟ ಬಟ್ಟೆ ಒದ್ದೆಯಾಗುತ್ತದೆ. ಆಮೇಲೆ ಆಯಾ ಬಂದು ಸಮಾಧಾನ ಮಾಡಬೇಕು.

ಹೊರಗೆ ನಿಂತು ಮಾತಾಡಿದರೆ ಮಾತ್ರ ನಾನು ಅವಳ ಮಗ. ದನಿಯ ಗುರುತು ಇನ್ನೂ ಇದೆ. "ಗುಂಗುರು, ಒಳಗೆ ಬರ್ಬೇಡ, ಅವರಿದ್ದಾರೆ" ಅಂತ ಪಿಸುಗುಟ್ಟುತ್ತಾಳೆ. ಅಂಗಡಿಯಿಂದ ಬಂದು ಅವಳ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಮಾತಾಡುತ್ತೇನೆ. ಇದು ನನ್ನ ಈಗಿನ ಸಂಸಾರ.

ಗುರುತು ಅನ್ನುವುದೇ ಪೂರ್ತಿ ಹೋಗಲು ಬಹಳ ಕಾಲ ಉಳಿದಿಲ್ಲ ಅನ್ನುತ್ತಾರೆ ಡಾಕ್ಟರು. ಅಷ್ಟರೊಳಗೆ ನಾನು ಮಗನಾಗಿ ಅವಳ ಪಕ್ಕ ಕೂರಬೇಕು. ಅವಳ ನೆನಪಿನಲ್ಲಿರುವ ನನಗೆ ತಲೆ ತುಂಬ ಗುಂಗುರು ಕೂದಲಿದೆ. ಆ ತಲೆ ನನಗೆ ವಾಪಸು ಬೇಕು.

ಗೋಡೆಯ ಈಚೆಯಿಂದ,
ತಮ್ಮ


ಜನವರಿ 27

ಗುಂಗುರು,

ನಗಲಿಲ್ಲ. ಲೈಟಿನ ಮಾತಿಗೆ ಒಂಚೂರು ನಕ್ಕೆ, ಅಷ್ಟೇ.

ಒಬ್ಬರು ಬ್ಯಾಂಕ್ ಮ್ಯಾನೇಜರ್ ಸಿಕ್ಕರು. ಕೋಟು ಹೊಲಿಸಲು ಬಂದವರು. ನಾನು ಸುತ್ತಿ ಬಳಸಿ ಕೇಳಿದೆ, ಅವರೋ ಗುಟ್ಟೇನೂ ಮಾಡದೆ ನನ್ನ ಕತ್ತರಿಸುವ ಮೇಜಿನ ಮೇಲೆ ತಲೆ ಬಗ್ಗಿಸಿಯೇಬಿಟ್ಟರು, ಹೇನು ನೋಡಿಸಿಕೊಳ್ಳುವ ಮಗುವಿನ ಹಾಗೆ. ದೂರದಿಂದ ಚೆಂದ. ಹತ್ತಿರದಿಂದ ಮುಂದಿನ ಸಾಲು ಗೊಂಬೆಗೆ ನೆಟ್ಟ ಹಾಗಿದೆ. ಮೊದಲು ಯಾರೋ ಅಗ್ಗದವನ ಹತ್ತಿರ ಮಾಡಿಸಿ ಕೆಡಿಸಿಕೊಂಡು, ಆಮೇಲೆ ಇನ್ನೊಬ್ಬರ ಹತ್ತಿರ ಸರಿ ಮಾಡಿಸಿಕೊಂಡರಂತೆ. ನೋವಿಗಿಂತ ತುರಿಕೆ ಹೆಚ್ಚಂತೆ. ಖರ್ಚು ಕೇಳಿ ನಾನು ಟೇಪು ಕೈಬಿಟ್ಟೆ. ಪೂರ್ತಿ ಬೆಳೆಯಲು ಒಂದು ವರ್ಷ ಬೇಕು, ಅದೂ ಎಲ್ಲರಿಗೂ ಬರುತ್ತದೆ ಅಂತೇನಿಲ್ಲ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನಲ್ಲಿ ಅಪ್ಪ ಕಂಡರೆ ಅಮ್ಮನಿಗೆ ಸಂತೋಷವಾಗಬೇಕಲ್ಲವೇ? ಮರೆವಿನವರು ಏನೇನಕ್ಕೋ ಹೆದರುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ನಲ್ಲಿಗೆ ಹೆದರುತ್ತಿದ್ದರು. ಅದಕ್ಕೆಲ್ಲ ಅರ್ಥ ಹುಡುಕುತ್ತ ಕೂರಬಾರದು. ಅಪ್ಪ ಗಡಸು ಮನುಷ್ಯ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ ಸ್ಟೇಷನ್ನಿನಿಂದ ಮನೆಯವರೆಗೆ ನನ್ನನ್ನು ಹೆಗಲ ಮೇಲೆ ಹೊತ್ತು ನಡೆದವರೂ ಅವರೇ. ಬೀಳದ ಹಾಗೆ ಆ ಬೋಳು ತಲೆಯನ್ನೇ ತಬ್ಬಿಕೊಂಡು ಕೂರುತ್ತಿದ್ದೆ. ಅವರದೊಂದು ಬಿಳಿ ಅಂಗಿ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಆಗಾಗ ತೆಗೆದು ಒಗೆದು ಇಸ್ತ್ರಿ ಮಾಡಿ ಮತ್ತೆ ಇಡುತ್ತೇನೆ.

ಒಂದು ವಿಗ್ ಹಾಕಿ ನೋಡಬಾರದೇ? ಇಷ್ಟೆಲ್ಲ ಪೀಕಲಾಟ ಯಾಕೆ?

ಕತ್ತರಿ ಕೆಳಗಿಡಲು ಪುರುಸೊತ್ತಿಲ್ಲದ,
ಅಕ್ಕ


ಫೆಬ್ರವರಿ 20

ಅಕ್ಕ,

ವಿಗ್ಗಿನ ಕಥೆ ಮೊದಲು ಕೇಳು.

ನಾಟಕದವರಿಗೆ ಮಾರುವ ಅಂಗಡಿಯಲ್ಲಿ ಗುಂಗುರು ಕೂದಲಿನದೊಂದು ಸಿಕ್ಕಿತು. ಹಾಕಿಕೊಂಡು ಒಳಗೆ ಹೋದೆ. ಅಮ್ಮ ನೋಡಿದಳು. ನಕ್ಕಳು. "ಎಷ್ಟ್ ಹೊತ್ತು ಮಾಡ್ದೆ, ಬಾ" ಅಂದಳು. ನಾನು ಅವಳ ಪಕ್ಕ ಮಂಚದ ಮೇಲೆ ಕೂತೆ. ಹಿಂದೆ ಮಾಡುತ್ತಿದ್ದ ಹಾಗೇ ಕೂದಲಿನೊಳಗೆ ಬೆರಳು ತೂರಿಸಿದಳು, ಮೆಲ್ಲಗೆ ಎಳೆದಳು, ಪೂರ್ತಿ ಅವಳ ಕೈಗೆ ಬಂತು.

ಕೈಯಲ್ಲಿದ್ದದ್ದನ್ನು ನೋಡಿದಳು, ನನ್ನ ತಲೆ ನೋಡಿದಳು. ಕಿರುಚಲಿಲ್ಲ. ಗೋಡೆಗೂ ಹೋಗಲಿಲ್ಲ. "ಮಗು ಎಲ್ಲಿ? ಏನ್ ಮಾಡಿದ್ರಿ ಅವನನ್ನ?" ಅಂದಳು. ಅಪ್ಪನನ್ನು ಅವಳು ಹಾಗೆ ಎದುರಿಗೆ ನಿಂತು ಕೇಳಿದ್ದನ್ನು ನಾನು ಯಾವತ್ತೂ ಕಂಡವನಲ್ಲ. ನಾನು ಬಾಯಿಬಿಟ್ಟರೆ ದನಿ ನನ್ನದಾಗುತ್ತದೆ, ಅದು ಇನ್ನೂ ದೊಡ್ಡ ಅನಾಹುತ. ಕಳ್ಳನ ಹಾಗೆ ಎದ್ದು ಹೊರಗೆ ಬಂದೆ. ಆ ವಿಗ್ಗು ಈಗ ಅವಳ ದಿಂಬಿನಡಿ ಇದೆ. ತೆಗೆದು ಸವರುತ್ತಾಳೆ. ಆಯಾ ಮುಟ್ಟಿದರೆ ಕಚ್ಚಲು ಹೋಗುತ್ತಾಳೆ.

ಹಾಗಾಗಿ ಎಳೆದರೂ ಬಾರದ ಕೂದಲು ಬೇಕು. ಬೇರೆ ದಾರಿ ಇಲ್ಲ.

ಎರಡು ಕಡೆ ಹೋಗಿ ಬಂದೆ. ಮೊದಲನೆಯದು ದೊಡ್ಡ ರಸ್ತೆಯಲ್ಲಿದೆ. ಕಾಲು ಹೂತುಹೋಗುವಂಥ ಕಾರ್ಪೆಟ್, ಕುಡಿಯಲು ತಣ್ಣನೆಯದೇನೋ. ಸಲಹೆ ಕೊಡುವ ಹುಡುಗಿಯೊಬ್ಬಳು ನನ್ನ ಫೋಟೋ ತೆಗೆದು ಪರದೆಯ ಮೇಲೆ ಕೂದಲು ಬರೆದು ತೋರಿಸಿದಳು. ಅಂಗೈಯಲ್ಲಿ ಅರಮನೆ ಅಂದರೆ ಅದೇ. ಕತ್ತರಿ ಹಿಡಿಯುವವರು ಡಾಕ್ಟರೋ ಸಹಾಯಕರೋ ಅಂತ ಕೇಳಿದೆ. "ನಮ್ಮ ತಂಡ ಮಾಡತ್ತೆ ಸರ್" ಅಂದಳು. ಡಾಕ್ಟರು ಕೋಣೆಯಲ್ಲಿ ಇರುತ್ತಾರಾ ಅಂದೆ. "ತಂಡದ ಜೊತೆಗೇ ಇರ್ತಾರೆ ಸರ್" ಅಂದಳು. ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ ಅಂತಲೂ ಅಂದಳು. ಎದ್ದು ಬಂದೆ.

ಎರಡನೆಯದು ಚಪ್ಪಲಿ ಅಂಗಡಿಯ ಮಹಡಿಯಲ್ಲಿ. ಅಲ್ಲಿ ಎಲ್ಲದಕ್ಕೂ ಆಗುತ್ತದೆ ಅನ್ನುತ್ತಾರೆ. ತಲೆ ತುಂಬ ತುಂಬಿಸಿ ಕೊಡ್ತೀವಿ ಅಂದ. ಹಿಂದೆ ಇರುವುದನ್ನೇ ತೆಗೆದು ಮುಂದೆ ನೆಡುವುದಲ್ಲವೇ, ಅಷ್ಟೊಂದು ನನ್ನ ಹಿಂದಲೆಯಲ್ಲಿ ಎಲ್ಲಿದೆ ಅಂದೆ. ಅವನು ನನ್ನ ತಲೆಯನ್ನು ಮೊದಲ ಸಲ ತಿರುಗಿಸಿ ನೋಡಿದ. ಅಲ್ಲಿವರೆಗೆ ನೋಡಿರಲೇ ಇಲ್ಲ. ನಿಮ್ಮ ಮ್ಯಾನೇಜರ್ ಯಾರ ಹತ್ತಿರ ಸರಿ ಮಾಡಿಸಿಕೊಂಡರು ಅಂತ ಕೇಳಿ ಬರೆ, ಕೈ ಮುಗಿಯುತ್ತೇನೆ.

ಅಪ್ಪನ ವಿಚಾರ ಕೇಳಿದೆಯಲ್ಲ. ನೀನು ರಜೆಯ ಅಪ್ಪನನ್ನು ಕಂಡವಳು. ನಿನ್ನ ಹಾಸ್ಟೆಲು ಮುಚ್ಚಿದಾಗ ಮಾತ್ರ ಆ ಅಪ್ಪ ಮನೆಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ಇದ್ದವನು ಬೇರೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ತಮ್ಮ


ಮಾರ್ಚ್ 18

ಗುಂಗುರು,

ರಜೆಯ ಅಪ್ಪ ಅಂತ ಬರೆದೆಯಲ್ಲ, ಚೆನ್ನಾಗಿದೆ. ರಜೆಯ ಅಮ್ಮನೂ ಒಬ್ಬಳಿದ್ದಳು, ಅದು ನಿನಗೆ ಹೊಳೆಯಲಿಲ್ಲ. ಇನ್ನೂ ಜಡೆ ಹಾಕಿಕೊಳ್ಳಲು ಬಾರದವಳನ್ನು ಒಂದು ಟ್ರಂಕು ಕೊಟ್ಟು ರೈಲು ಹತ್ತಿಸಿದಳು. ನಿನ್ನನ್ನು ಮಡಿಲಲ್ಲಿ ಇಟ್ಟುಕೊಂಡಳು. ನನ್ನನ್ನು ಯಾಕೆ ಕಳಿಸಿದೆ ಅಂತ ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. ಗುಂಡಿ ಹೊಲಿಯುತ್ತಿದ್ದವಳು ತಲೆ ಎತ್ತದೆ "ಅಲ್ಲಿ ಓದು ಚೆನ್ನಾಗಿತ್ತು" ಅಂದಳು. ನಾನು ಓದಿ ಕಡಿದು ಕಟ್ಟೆ ಹಾಕಿದ್ದು ಎಷ್ಟು ಅಂತ ಎಲ್ಲರಿಗೂ ಗೊತ್ತಿದೆ. ಬಟ್ಟೆ ಕತ್ತರಿಸುತ್ತಿದ್ದೇನೆ.

ಅಪ್ಪ ಒಬ್ಬರೇ ನನ್ನನ್ನು ಕಾಯುತ್ತ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದರು. ಅದನ್ನೂ ನನ್ನಿಂದ ಕಿತ್ತುಕೊಳ್ಳಬೇಡ.

ಸರ್ಜನ್ ಹೆಂಗಸಂತೆ. ವಾರಕ್ಕೊಮ್ಮೆ ನಿಮ್ಮ ಊರಿಗೇ ಬರುತ್ತಾರೆ. ಒಂದು ದಿನಕ್ಕೆ ಒಂದೇ ತಲೆ, ತಾವೇ ಕೂತು ಮಾಡುತ್ತಾರೆ. ಸಿಹಿ ಮಾತಿಲ್ಲ ಅಂತ ಮ್ಯಾನೇಜರ್ ಎಚ್ಚರಿಸಿದ್ದಾರೆ. ವಿಳಾಸ ಹಿಂದಿನ ಪುಟದಲ್ಲಿದೆ.

ಅಕ್ಕ


ಏಪ್ರಿಲ್ 9

ಅಕ್ಕ,

ಹೋಗಿ ಬಂದೆ. ಸಿಹಿ ಮಾತಿಲ್ಲ, ನಿಜ. ಹಿಂದಲೆಯ ಕೂದಲನ್ನು ಭೂತಗನ್ನಡಿ ಹಿಡಿದು ನೋಡಿದರು. ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು, ಅಳಿಸಿ ಇನ್ನೂ ಮೇಲೆ ಎಳೆದರು. "ಇಷ್ಟೇ ಆಗೋದು. ಮುಂದೆ ತುಂಬತ್ತೆ, ನೆತ್ತಿ ತೆಳ್ಳಗೇ ಉಳಿಯತ್ತೆ" ಅಂದರು. ಮೊದಲು ತಲೆ ಪೂರ್ತಿ ಬೋಳಿಸುತ್ತಾರೆ. ಹಿಂದಿನಿಂದ ಒಂದೊಂದೇ ಬುಡ ಸಮೇತ ತೆಗೆದು ಮುಂದೆ ನೆಡುತ್ತಾರೆ. ಮುಖ ಊದುತ್ತದೆ, ನೆಟ್ಟ ಕಡೆಯೆಲ್ಲ ಹಕ್ಕಳೆ ಕಟ್ಟುತ್ತದೆ. ಆಮೇಲೆ ಕೇಳು, ನೆಟ್ಟದ್ದೆಲ್ಲ ಮೊದಲು ಉದುರಿಹೋಗುತ್ತದೆ. ಬುಡ ಮಾತ್ರ ಒಳಗೆ ಇರುತ್ತದೆ. ಅಲ್ಲಿಂದ ತಿಂಗಳುಗಟ್ಟಲೆ ಕಾದ ಮೇಲೆ ನಿಜವಾದದ್ದು ಹುಟ್ಟುತ್ತದೆ.

ಹಳೆಯ ಫೋಟೋ ತರಲು ಹೇಳಿದ್ದರು. ನಾನು ಅಮ್ಮನ ಪಕ್ಕ ನಿಂತಿರುವುದನ್ನು ಒಯ್ದಿದ್ದೆ, ಅವಳ ಕೈ ನನ್ನ ತಲೆಯ ಮೇಲಿದೆ. "ಹೀಗೇ ಯಾಕಾಗಬೇಕು?" ಅಂದರು. ಮದುವೆಗೋ ಕೆಲಸಕ್ಕೋ ಅಂತ ಸುಳ್ಳು ಹೇಳಬೇಕು ಅಂದುಕೊಂಡು ಹೋಗಿದ್ದವನು ಎಲ್ಲ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು. "ಕೂದಲು ಬರಿಸೋದು ನನ್ನ ಕೆಲಸ. ಅದರಾಚೆಗೆ ನಾನು ಮಾತು ಕೊಡೋಕಾಗಲ್ಲ. ಆಗೋ ಹೊತ್ತಿಗೆ ನಿಮ್ಮ ತಾಯಿಗೆ ಕೂದಲೂ ಗೊತ್ತಾಗದೆ ಇರಬಹುದು, ನೀವೂ ಗೊತ್ತಾಗದೆ ಇರಬಹುದು. ಯೋಚನೆ ಮಾಡಿ ಬನ್ನಿ" ಅಂದರು.

ಯೋಚನೆ ಮಾಡಿದೆ. ಅಮ್ಮ ಈಗ ಗೋಡೆಯ ಆಚೆಯಿಂದಲೂ ಕೆಲವು ಸಲ ನನಗೆ ಉತ್ತರ ಕೊಡುವುದಿಲ್ಲ. ದನಿಯೂ ಅಳಿಸುತ್ತಿದೆ. ಸುಮ್ಮನೆ ಕೂತರೂ ಕಾಲ ಹೋಗುತ್ತದೆ, ಕೂದಲು ಬೆಳೆಯುತ್ತಿದ್ದರೂ ಹೋಗುತ್ತದೆ. ಅಂಗಡಿಗೆ ಕನ್ನಡಕದ ಗಾಜು ಉಜ್ಜುವ ಹೊಸ ಮೆಷಿನ್ ತರಲು ಅಂತ ಇಟ್ಟಿದ್ದ ಹಣವನ್ನೆಲ್ಲ ಕಟ್ಟಿಬಿಟ್ಟೆ. ಮೇ ತಿಂಗಳಿಗೆ ದಿನ ಕೊಟ್ಟಿದ್ದಾರೆ.

ಆ ವಾರ ನೀನು ಬಂದು ಇರುತ್ತೀಯಾ? ಬೇರೆ ಯಾರನ್ನೂ ಕೇಳಲಾರೆ.

ತಮ್ಮ


ಏಪ್ರಿಲ್ 22

ಗುಂಗುರು,

ಬರಲಾರೆ. ಶಾಲೆಗಳ ಯೂನಿಫಾರ್ಮಿನ ಕಾಲ, ಮೂರು ಮೆಷಿನ್ನೂ ನಿಲ್ಲದೆ ಓಡುತ್ತಿವೆ. ನೆಪ ಅಂತ ನಿನಗೆ ಅನ್ನಿಸಿದರೆ ಅನ್ನಿಸಲಿ. ಆ ಮನೆಯ ಮೆಟ್ಟಿಲು ಹತ್ತಿದರೆ ನಾನು ಮತ್ತೆ ಟ್ರಂಕು ಹಿಡಿದವಳಾಗುತ್ತೇನೆ.

ಒಂದು ಸಡಿಲ ಟೋಪಿ ಹೊಲಿದು ಕಳಿಸಿದ್ದೇನೆ, ಹೊಲಿಗೆ ಹೊರಗೆ ಬರುವ ಹಾಗೆ. ಗಾಯಕ್ಕೆ ಒತ್ತುವುದಿಲ್ಲ.

ಅಕ್ಕ


ಮೇ 16

ಅಕ್ಕ,

ಬರೆಯುವಾಗ ಅಕ್ಷರ ಸೊಟ್ಟ ಹೋಗುತ್ತಿದೆ, ಕಣ್ಣು ಪೂರ್ತಿ ತೆರೆಯುವುದಿಲ್ಲ. ಆದರೂ ಇವತ್ತೇ ಬರೆಯಬೇಕು.

ಆಪರೇಷನ್ ಆಯಿತು. ಎಲ್ಲ ಆ ಸರ್ಜನ್ ಹೇಳಿದ ಹಾಗೇ. ತಲೆ ಬೋಳು, ಮುಂದೆಲ್ಲ ಕೆಂಪು ಚುಕ್ಕೆ, ಹಿಂದೆ ಸುತ್ತಿದ ಬ್ಯಾಂಡೇಜು. ಹಣೆಯ ಊತ ಇಳಿದು ಕಣ್ಣಿಗೆ ಬಂದು ಎರಡೂ ಕಣ್ಣು ಬಾತುಕೊಂಡವು. ಗಾಯ ಮಾಯುವವರೆಗೆ ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಆಯಾಳನ್ನು ಮನೆಯಲ್ಲೇ ಇರಿಸಿಕೊಂಡಿದ್ದೆ. ನಾನು ಗೋಡೆಯ ಈಚೆ.

ನಿನ್ನೆ ಮಧ್ಯಾಹ್ನ ಆಯಾ ಔಷಧಿ ತರಲು ಹೋಗಿದ್ದಳು. ಒಳಗೆ ಗಾಜು ಒಡೆದ ಸದ್ದಾಯಿತು. ಅಮ್ಮ ಬರಿಗಾಲಲ್ಲಿ ಓಡಾಡುತ್ತಾಳೆ. ನಾನು ಏನೂ ಯೋಚಿಸದೆ ನುಗ್ಗಿಬಿಟ್ಟೆ.

ಅವಳು ಗೋಡೆಗೆ ಸರಿದಳು. ಕೈ ತಲೆಯ ಮೇಲೆ ಹೋಯಿತು. ನಾನು ಬಾಗಿಲಲ್ಲೇ ಕಲ್ಲಾದೆ. ಆಮೇಲೆ ಅವಳು ನನ್ನ ಮುಖವನ್ನೇ ನೋಡಿದಳು, ಬಹಳ ಹೊತ್ತು. ಕೈ ಮೆಲ್ಲಗೆ ಕೆಳಗೆ ಬಂತು.

"ಗುಂಗುರು?" ಅಂದಳು. "ಇಷ್ಟು ಹೊಡೆದ್ರಾ?"

ಗಾಜಿನ ಚೂರು ದಾಟಿ ಅವಳೇ ಬಂದಳು. ನನ್ನ ಕೈ ಹಿಡಿದು ಮಂಚದ ಮೇಲೆ ಕೂರಿಸಿದಳು. ಬಾಗಿಲು ಹಾಕಿ ಚಿಲಕ ಇಟ್ಟಳು, ಮತ್ತೊಮ್ಮೆ ಎಳೆದು ನೋಡಿದಳು. ನನ್ನ ತಲೆಯ ಮೇಲೆ ಬಗ್ಗಿ ಉಫ್ ಉಫ್ ಅಂತ ಊದಿದಳು. ಮುಟ್ಟಲಿಲ್ಲ. ಎಲ್ಲಿ ಮುಟ್ಟಬಾರದು ಅಂತ ಅವಳಿಗೆ ಗೊತ್ತಿತ್ತು.

"ಯಾರಾದ್ರೂ ಕೇಳಿದ್ರೆ ಏನಂತೀಯ?" ಅಂದಳು.

"ಬಿದ್ದೆ ಅಂತೀನಮ್ಮ" ಅಂದೆ.

"ಹಾಗೇ ಹೇಳು. ನಾನೂ ಹಾಗೇ ಹೇಳೋದು."

ಅಕ್ಕ, ನಾನು ಅತ್ತೆ. ಅವಳು ಬಾಯಿಯ ಮೇಲೆ ಬೆರಳಿಟ್ಟು ಶ್ ಅಂದಳು, ಕೇಳಿಸುತ್ತದೆ ಅಂತ. ಆಯಾ ಬಂದು ಬಾಗಿಲು ತಟ್ಟುವವರೆಗೂ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ನನಗೆ ಬೇಕಾದದ್ದು ಸಿಕ್ಕಿತು. ಇಂಥ ರೀತಿಯಲ್ಲಿ ಸಿಗಬೇಕಿತ್ತೇ ಅಂತ ಯಾರನ್ನು ಕೇಳಲಿ?

ಅಮ್ಮನ ಮಂಚದ ಮೇಲಿಂದ,
ತಮ್ಮ


ಅಕ್ಟೋಬರ್ 3

ಅಕ್ಕ,

ಮೇ ತಿಂಗಳ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಫೋನಿನಲ್ಲಿ ಯೂನಿಫಾರ್ಮಿನ ಮಾತು, ನಾನೂ ಸೆಕೆಯ ಮಾತು. ಇರಲಿ.

ನಡೆದದ್ದನ್ನು ಹೇಳುತ್ತೇನೆ. ಊತ ಇಳಿಯಿತು. ಹಕ್ಕಳೆ ಹೋಯಿತು. ನೆಟ್ಟ ಕೂದಲು ಹೇಳಿದ ಹಾಗೇ ದಿಂಬಿನ ಮೇಲೆ ಉದುರಿತು. ಒಂದು ಬೆಳಿಗ್ಗೆ ಹಾಲಿನ ಲೋಟ ಹಿಡಿದು ಒಳಗೆ ಹೋದರೆ ಅಮ್ಮ ಮತ್ತೆ ಗೋಡೆಗೆ. ಕೈ ತಲೆಯ ಮೇಲೆ. ಗಾಯ ವಾಸಿಯಾದ ಕೂಡಲೇ ನಾನು ಮತ್ತೆ ಅಪ್ಪನಾಗಿದ್ದೆ.

ಹೊರಗೆ ಬಂದೆ. ಔಷಧಿಯ ಡಬ್ಬಿಯಲ್ಲಿ ಬ್ಯಾಂಡೇಜಿನ ಸುರುಳಿ ಉಳಿದಿತ್ತು. ತಲೆಗೆ ಸುತ್ತಿಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡರೆ ನಾಟಕದ ಪಾತ್ರಧಾರಿಯ ಹಾಗಿದ್ದೆ, ನಾಚಿಕೆಯಾಯಿತು. ಒಳಗೆ ಹೋದೆ. "ಮತ್ತೆ ಹೊಡೆದ್ರಾ?" ಅಂದಳು, ಕೈ ಚಾಚಿದಳು.

ಅವತ್ತಿನಿಂದ ಇದೇ ನಡೆದಿದೆ. ಅಂಗಡಿಯಿಂದ ಬಂದು ಕೈಕಾಲು ತೊಳೆದು ಪಟ್ಟಿ ಕಟ್ಟಿಕೊಂಡು ಅವಳ ಪಕ್ಕ ಕೂರುತ್ತೇನೆ. ಊದುತ್ತಾಳೆ. ಬಿದ್ದೆ ಅನ್ನುತ್ತೇನೆ. ತುತ್ತು ಮಾಡಿ ಕೊಟ್ಟರೆ ತಿನ್ನುತ್ತಾಳೆ, ಅರ್ಧ ನನಗೇ ತಿನ್ನಿಸುತ್ತಾಳೆ. ದಿಂಬಿನಡಿಯ ವಿಗ್ಗನ್ನು ತಾನಾಗೇ ಆಯಾಳಿಗೆ ಕೊಟ್ಟುಬಿಟ್ಟಳು, ಅದು ಏನು ಅಂತ ಅವಳಿಗೆ ಗೊತ್ತಾಗಲಿಲ್ಲ.

ಕೂದಲು ಬರುತ್ತಿದೆ ಅಕ್ಕ. ಹಣೆಯ ಮೇಲೆ ಒಳ್ಳೆಯ ಪೈರು, ಗುಂಗುರೇ. ಸರ್ಜನ್ ಖುಷಿಯಿಂದ ಫೋಟೋ ತೆಗೆದುಕೊಂಡರು. "ತಾಯಿ ಏನಂದ್ರು?" ಅಂತ ಕೇಳಿದರು. ಇನ್ನೂ ನೋಡಿಲ್ಲ ಅಂದೆ. ಪಟ್ಟಿ ಬಿಚ್ಚಿ ಒಳಗೆ ಹೋಗಲು ಧೈರ್ಯ ಸಾಲುತ್ತಿಲ್ಲ. ಇಷ್ಟೆಲ್ಲ ಮಾಡಿದ್ದು ಅದಕ್ಕೇ ತಾನೇ? ಆದರೆ ಕೂದಲಿರುವವನನ್ನು ಅವಳು ಗುರುತಿಸದೇ ಹೋದರೆ? ಏಟು ತಿಂದವನನ್ನಂತೂ ಗುರುತಿಸುತ್ತಾಳೆ. ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹೊಸ ಕೂದಲು ಮನೆಯಲ್ಲಿ ಪಟ್ಟಿಯೊಳಗೇ.

ನಿನ್ನೆ ಒಂದು ಮಾತಂದಳು. ನನಗೆ ಹೇಳಿದ್ದು, ಆದರೆ ನಿನಗೆ ಸೇರಬೇಕಾದದ್ದು. ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಅಂದಳು. "ದೊಡ್ಡೋಳನ್ನ ಕಳಿಸಿಬಿಟ್ಟೆ. ಅವಳ ಮೇಲೆ ಕೈ ಬೀಳೋಕೆ ಮುಂಚೆ ಕಳಿಸಿಬಿಟ್ಟೆ. ನಿನ್ನನ್ನೂ ಕಳಿಸ್ತೀನಿ ಮಗ, ಸ್ವಲ್ಪ ತಡ್ಕೋ."

ಇದಕ್ಕೆ ನಾನೇನೂ ಸೇರಿಸುವುದಿಲ್ಲ.

ಅಂಗಡಿಯ ಬ್ಯಾಂಡೇಜು ಒರಟು, ಕಿವಿಯ ಹಿಂದೆ ಉಜ್ಜಿ ಕೆಂಪಾಗಿದೆ. ಮೆತ್ತನೆಯ ಬಟ್ಟೆ ಇದ್ದರೆ ಕಳಿಸು.

ತಮ್ಮ


ಅಕ್ಟೋಬರ್ 19

ಗುಂಗುರು,

ನಿನ್ನ ಕಾಗದ ಬಂದ ದಿನ ಅಂಗಡಿ ತೆರೆಯಲಿಲ್ಲ. ಮರುದಿನ ತೆರೆದೆ.

ಪಾರ್ಸೆಲ್ಲಿನಲ್ಲಿ ಪಟ್ಟಿಗಳಿವೆ. ಒಳ್ಳೆಯ ಹತ್ತಿ, ಒಗೆದು ಒಗೆದು ಮೆತ್ತಗಾಗಿದೆ. ಅಂಚು ಮಡಿಸಿ ಹೊಲಿದಿದ್ದೇನೆ, ನೂಲು ಬಿಟ್ಟು ಹೊಸ ಕೂದಲಿಗೆ ಸಿಕ್ಕಿಕೊಳ್ಳುವುದಿಲ್ಲ. ಬೆನ್ನಿನ ಭಾಗದಿಂದ ಉದ್ದದವು ಬಂದವು, ತೋಳಿನಿಂದ ಗಿಡ್ಡ. ಕಾಲರ್ ಯಾವುದಕ್ಕೂ ಒದಗಲಿಲ್ಲ, ಎಸೆದೆ. ಯಾವ ಅಂಗಿ ಅಂತ ನಿನಗೆ ಗೊತ್ತು. ಬೀರುವಿನಲ್ಲಿ ಜಾಗವಾಯಿತು.

ಬಿಗಿಯಾಗಿ ಸುತ್ತಬೇಡ.

ಶನಿವಾರದ ರೈಲಿಗೆ ಹೊರಟಿದ್ದೇನೆ. ಸ್ಟೇಷನ್ನಿಗೆ ಬರಬೇಡ, ನಾನೇ ನಡೆದು ಬರುತ್ತೇನೆ. ಅಮ್ಮನಿಗೆ ನನ್ನ ಗುರುತು ಸಿಗುವುದಿಲ್ಲ ಅಂತ ಗೊತ್ತಿದೆ. ಯಾರು ಅಂತ ಕೇಳಿದರೆ ಹಾಸ್ಟೆಲಿನವಳು ಅನ್ನುತ್ತೇನೆ. ನಿಮ್ಮ ದೊಡ್ಡವಳು ಅಲ್ಲಿ ಚೆನ್ನಾಗಿದ್ದಾಳೆ, ಅವಳ ಮೇಲೆ ಯಾರ ಕೈಯೂ ಬೀಳಲಿಲ್ಲ, ಅದನ್ನು ಹೇಳಿ ಹೋಗೋಣ ಅಂತ ಬಂದೆ ಅನ್ನುತ್ತೇನೆ.

ದೊಡ್ಡವಳು